‘ಪುತ್ಸಕ’ ಎಂದು ಬರೆದ ಹುಡುಗ

ಶಿಕ್ಷಕ ತರಬೇತಿಯ ಭಾಗವಾಗಿ ಶಾಲೆಯೊಂದಕ್ಕೆ ಅಭ್ಯಾಸ ಪಾಠಕ್ಕೆ ಹೋಗಿ ಆಗ 4 ದಿನ ಆಗಿತ್ತು ಅಷ್ಟೆ. ಮೂರನೇ ತರಗತಿಯ ಉಕ್ತಲೇಖನದ ಪುಸ್ತಕಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. 10 ಪದ ಕೊಟ್ಟಿದ್ದೆ. ಒಬ್ಬ ಹುಡುಗ ‘ಪುಸ್ತಕ’ ಅನ್ನುವುದನ್ನು ‘ಪುತ್ಸಕ’ ಎಂದು ಬರೆದಿದ್ದ. ‘ಶಕ್ತಿ’ ಹೋಗಿ ‘ಶತ್ಕಿ’ ಆಗಿತ್ತು. ‘ಸೂರ್ಯ’ ‘ಸೂಯ್ರ’ ಆಗಿತ್ತು. ಮೂರಕ್ಕೂ ಕೆಂಪು ಗೀರು ಎಳೆದೆ. ಪಕ್ಕದಲ್ಲಿ ಸರಿಯಾದ ರೂಪ ಬರೆದು, ‘5 ಸಲ ಬರೆ’ ಎಂದು ಸೇರಿಸಿದೆ.

ಅವನು ಮಾರನೇ ದಿನ ಅಂದವಾಗಿ 5 ಸಲ ಬರೆದುಕೊಂಡು ಬಂದ. ಎಲ್ಲವೂ ಸರಿ ಇತ್ತು. ಮುಂದಿನ ವಾರದ ಉಕ್ತಲೇಖನದಲ್ಲಿ ಮತ್ತೆ ‘ಪುತ್ಸಕ’. ಜೊತೆಗೆ ‘ವಸ್ತು’ ಎಂಬುದು ‘ವತ್ಸು’.

ನನ್ನ ಮಾರ್ಗದರ್ಶಕರಿಗೆ ಪುಸ್ತಕ ತೋರಿಸಿದೆ. “ಯಾಕೆ ಹೀಗೆ ಬರೆದ ಅನ್ನಿಸುತ್ತೆ?” ಎಂದು ಕೇಳಿದರು. “ಗಮನ ಇಲ್ಲ ಮೇಡಂ” ಎಂದೆ. ಅವರು ಪುಟ ತಿರುಗಿಸಿ ನಾಲ್ಕು ಪದಗಳ ಮೇಲೂ ಬೆರಳಿಟ್ಟರು. “ಗಮನ ಇಲ್ಲದವನು ನಾಲ್ಕು ಕಡೆಯೂ ಒಂದೇ ಥರ ತಪ್ಪು ಮಾಡ್ತಾನಾ?”

ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅವತ್ತು ರಾತ್ರಿ ಕೂತು ಆ ಪದಗಳನ್ನು ಗಟ್ಟಿಯಾಗಿ ಹೇಳಿಕೊಂಡೆ. ನಿಧಾನವಾಗಿ, ಬಿಡಿಸಿ ಬಿಡಿಸಿ. ‘ಪುಸ್–ತ–ಕ’. ಬಾಯಲ್ಲಿ ಪದ ಮುರಿಯುವುದು ಸ್ ಆದ ಮೇಲೆ. ಕಾಗದದ ಮೇಲೆ ಮಾತ್ರ ಅದು ‘ಪು–ಸ್ತ–ಕ’. ಸ್ವರ ಕೇಳಿಸುವುದು ತ ಜೊತೆಗೆ, ಆದರೆ ದೊಡ್ಡದಾಗಿ ಮೇಲೆ ಕೂರುವುದು ಸ. ‘ಶಕ್ತಿ’ ಇನ್ನೂ ಕಷ್ಟ. ಇ ಕೇಳಿಸುವುದು ತ ಆದ ಮೇಲೆ, ಗುಡಿಸು ಬೀಳುವುದು ಕ ಮೇಲೆ. ಇಷ್ಟು ವರ್ಷ ಕನ್ನಡ ಬರೆದಿದ್ದೇನೆ, ಒಂದು ದಿನವೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಆ ಹುಡುಗನಿಗೆ ಒಂದು ನಿಯಮ ಇತ್ತು. ಸ್ವರ ಯಾರ ಜೊತೆ ಕೇಳಿಸುತ್ತದೋ ಅವರು ಮೇಲೆ, ಉಳಿದವರು ಕೆಳಗೆ. ನಾಲ್ಕು ಪದಗಳಲ್ಲೂ ಅದನ್ನು ಒಂದೇ ರೀತಿ ಪಾಲಿಸಿದ್ದ. ‘ಸೂರ್ಯ’ ಪದದಲ್ಲಂತೂ ಅವನ ನಿಯಮ ಅರ್ಧ ಸರಿಯೇ. ಅಲ್ಲಿ ನಾವೂ ಯ ಅನ್ನೇ ದೊಡ್ಡದಾಗಿ ಬರೆದು, ಮೊದಲು ಉಚ್ಚರಿಸಿದ ರ್ ಅನ್ನು ಅರ್ಕಾವೊತ್ತು ಮಾಡಿ ಕೊನೆಗೆ ಇಡುತ್ತೇವೆ. ಬಹುಶಃ ಇಂಥ ಪದಗಳನ್ನು ನೋಡಿಯೇ ಅವನು ಆ ನಿಯಮ ಕಟ್ಟಿಕೊಂಡಿದ್ದ. ಕೆಂಪು ಗೀರು ಎಳೆಯುವಾಗ ನನಗೆ ಕಂಡದ್ದು ತಪ್ಪು ಅಕ್ಷರ. ಅದರ ಹಿಂದೆ 8 ವರ್ಷದ ಮಗುವೊಂದು ಕನ್ನಡ ಲಿಪಿಯ ಬಗ್ಗೆ ಯೋಚಿಸಿದ್ದು ಕಂಡಿರಲಿಲ್ಲ.

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಕೇಳಿದರೆ ಕಡಿಮೆ ಅನ್ನಿಸುತ್ತದೆ. ಆದರೆ ಮಗು ಕಲಿಯಬೇಕಾದ್ದು 49 ಆಕಾರ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ ಇದೆ, ಅದರ ಮೇಲೆ ಒತ್ತಕ್ಷರ. ಜಾಸ್ತಿ ಒತ್ತುಗಳು ಮೂಲ ಅಕ್ಷರದ ಪುಟ್ಟ ರೂಪದಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಮಾತ್ರ ಕೆಳಗಿಳಿದ ಕೂಡಲೇ ಮುಖ ಬದಲಿಸಿಬಿಡುತ್ತವೆ. ನಾವು ದಿನಾ ಜಾಸ್ತಿ ಬಳಸುವ ಒತ್ತುಗಳಲ್ಲಿ ಈ ಆರೂ ಇವೆ! ಎರಡನೇ ತರಗತಿ ಮುಗಿಯುವಷ್ಟರಲ್ಲಿ ‘ಅಕ್ಷರ ಬಂತು’ ಅಂತ ನಾವು ಕೈ ತೊಳೆದುಕೊಳ್ಳುತ್ತೇವೆ, ಅಲ್ವಾ? ಮೂರನೇ ತರಗತಿಯಲ್ಲಿ ಕೂತು ನೋಡಿದಾಗ ನನಗೆ ಹಾಗೆ ಅನ್ನಿಸಲಿಲ್ಲ. ಅಲ್ಲಿ ಅಕ್ಷರದ ಕೆಲಸ ಇನ್ನೂ ನಡೆಯುತ್ತಲೇ ಇತ್ತು.

ಮರುದಿನ ರಟ್ಟಿನ ಚೂರುಗಳ ಮೇಲೆ ಅಕ್ಷರ ಬರೆದುಕೊಂಡು ಹೋದೆ. ಅವನ ಪಕ್ಕ ಕೂತು, “ಪುಸ್ತಕ ಅನ್ನು. ಸ ಮೊದಲು ಕೇಳಿಸುತ್ತೋ, ತ ಮೊದಲು ಕೇಳಿಸುತ್ತೋ?” ಎಂದೆ. ಕಣ್ಣು ಮುಚ್ಚಿಕೊಂಡು ಮೂರು ಸಲ ಹೇಳಿದ. “ಸ.” “ಹಾಗಾದ್ರೆ ಮೊದಲು ಬಂದವರಿಗೆ ಮೇಲಿನ ಸೀಟು, ಆಮೇಲೆ ಬಂದವರಿಗೆ ಕೆಳಗಿನ ಸೀಟು.” ಅವನು ಸ ಚೂರನ್ನು ಮೇಲಿಟ್ಟು, ತ ಒತ್ತಿನ ಚೂರನ್ನು ಅದರ ಕೆಳಗೆ ತಳ್ಳಿದ. ಸ್ವಲ್ಪ ಹೊತ್ತು ನೋಡಿದ. ನಂತರ ನಾನು ಹೇಳದೆಯೇ ‘ವಸ್ತು’ ಜೋಡಿಸಿದ. ಬರೆದು ಸವೆಸಿದ 5 ಸಾಲು ಮಾಡದ ಕೆಲಸವನ್ನು ಎರಡು ರಟ್ಟಿನ ಚೂರು ಮಾಡಿದ್ದವು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಅಂಕಗಳನ್ನು ಬಿಟ್ಟು ಬರೀ ತಪ್ಪುಗಳನ್ನು ಬರೆದುಕೊಳ್ಳುವುದಕ್ಕೆ. ಎಡಗಡೆ ಮಗು ಬರೆದದ್ದು, ಬಲಗಡೆ ‘ಯಾಕೆ ಇರಬಹುದು?’ ಎಂಬ ಕಾಲಂ. ‘ಕತ್ತೆ’ ಬದಲು ‘ಕತೆ’ ಎಂದು ಬರೆದ ಮಕ್ಕಳಿಗೆ ಒತ್ತು ಗೊತ್ತಿಲ್ಲ ಎಂದುಕೊಂಡಿದ್ದೆ. ಅವರಿಗೆ ಗೊತ್ತಾಗದೆ ಇದ್ದದ್ದು ನಡುವಿನ ತಡೆ. ‘ಕತ್–ತೆ’ ಎನ್ನುವಾಗ ನಾಲಿಗೆ ಒಂದು ಕ್ಷಣ ಹಲ್ಲಿನ ಹಿಂದೆ ಅಂಟಿ ನಿಲ್ಲುತ್ತದೆ. ಅದನ್ನು ಬಾಯಲ್ಲಿ ಹಿಡಿದು ನೋಡಿದ ಮೇಲೆ ‘ಬಲೆ–ಬಲ್ಲೆ’, ‘ಎಲೆ–ಎಲ್ಲೆ’ ಎಲ್ಲವೂ ಅವರಿಗೆ ಆಟ ಆಯಿತು. ಬರವಣಿಗೆಯ ತಪ್ಪು ಅಂದುಕೊಂಡದ್ದು ಆಲಿಸುವುದರ ಪಾಠ ಆಗಿತ್ತು. ತರಬೇತಿಯಲ್ಲಿ ‘ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು’ ಎಂದು ನಾಲ್ಕು ಕೌಶಲ ಬೇರೆ ಬೇರೆ ಬರೆದು ಪಾಸಾಗಿದ್ದೆ. ತರಗತಿಯಲ್ಲಿ ಅವು ಯಾವಾಗಲೂ ಒಂದರ ಕೈ ಒಂದು ಹಿಡಿದುಕೊಂಡೇ ಬರುತ್ತಿದ್ದವು.

ಎರಡನೇ ವಾರ ನನ್ನಿಂದ ಒಂದು ತಪ್ಪಾಯಿತು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮಾತಿನ ಪಾಠ ನಡೆಯುತ್ತಿತ್ತು. ಒಬ್ಬಳು ಎದ್ದು ನಿಂತು, ಕಣ್ಣು ಅರಳಿಸಿ ಹೇಳತೊಡಗಿದಳು. “ಮಿಸ್, ನಾಯಿಮರಿ ಗೇಟ್ ಸಂದೀಲಿ ತೂರ್ಕೊಂಡು ಓಡೋಗ್ಬಿಡ್ತು!” ನಾನು, “‘ಓಡಿಹೋಗಿಬಿಟ್ಟಿತು’ ಅಂತ ಹೇಳಬೇಕು, ಹೇಳು” ಎಂದೆ. ಅವಳು ‘ಓಡಿಹೋಗಿಬಿಟ್ಟಿತು’ ಎಂದಳು. ಕೂತಳು. ನಾಯಿಮರಿಗೆ ಆಮೇಲೆ ಏನಾಯಿತು ಎಂದು ಯಾರಿಗೂ ಗೊತ್ತಾಗಲಿಲ್ಲ. ಆ ವಾರ ಪೂರ್ತಿ ಅವಳು ಕೈ ಎತ್ತಲಿಲ್ಲ.

‘ಓಡೋಗ್ಬಿಡ್ತು’ ಎಂಬ ಪದವನ್ನು ಸುಮ್ನೆ ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಓಡು, ಹೋಗು, ಬಿಡು ಎಂಬ ಮೂರು ಕ್ರಿಯಾಪದಗಳಿವೆ. ‘ಓಡ್ತು’ ಅಂದರೆ ಬರೀ ಓಟ. ‘ಓಡೋಯ್ತು’ ಅಂದರೆ ನಮ್ಮಿಂದ ದೂರ. ‘ಓಡೋಗ್ಬಿಡ್ತು’ ಅಂದರೆ ಕೈಗೆ ಸಿಗದ ಹಾಗೆ, ನೋಡುನೋಡುತ್ತಿದ್ದಂತೆ. ಕೊನೆಯ ‘ಬಿಡು’ ಒಳಗೆ ಆ ಹುಡುಗಿಯ ಗಾಬರಿ ಪೂರ್ತಿ ತುಂಬಿತ್ತು. ಈ ವ್ಯಾಕರಣವನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಶಾಲೆಗೆ ಬರುವಾಗಲೇ ಅವಳಲ್ಲಿ ಅದು ಇತ್ತು. ನಾನು ಅದನ್ನು ಕೇಳಿಸಿಕೊಳ್ಳದೆ ತಿದ್ದಲು ಹೊರಟೆ.

ಪುಸ್ತಕದ ಕನ್ನಡ ಕಲಿಸಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಅದು ಬರದ ಮಗುವಿಗೆ ಓದು ಮುಂದೆ ಹೋಗುವುದಿಲ್ಲ. ಆದರೆ ಮಗು ಕಥೆ ಹೇಳುತ್ತಿರುವಾಗ ಅಲ್ಲ. ಮುಂದಿನ ವಾರ ಹಲಗೆಯ ಮೇಲೆ ಎರಡು ಕಾಲಂ ಎಳೆದೆ: ‘ಬಾಯಿ ಮಾತು’, ‘ಪುಸ್ತಕದ ಮಾತು’. ಮಕ್ಕಳೇ ಪದ ಕೊಟ್ಟರು. ಹೋಗ್ತೀನಿ – ಹೋಗುತ್ತೇನೆ. ಬರಲ್ಲ – ಬರುವುದಿಲ್ಲ. ಅವ್ನಿಗೆ – ಅವನಿಗೆ. ಹದಿನೈದು ಜೋಡಿ ಆಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ, “ಮಿಸ್, ಬಾಯಲ್ಲಿ ನಾವು ಮಧ್ಯದ್ದು ನುಂಗ್ಬಿಡ್ತೀವಿ!” ಎಂದ. ಸ್ವರ ಲೋಪವಾಗುವುದನ್ನು ಆ ಮಗು ತಾನೇ ಕಂಡುಹಿಡಿದಿತ್ತು. ಯಾವ ಕಾಲಂ ತಪ್ಪು ಎಂದು ಯಾರೂ ಕೇಳಲಿಲ್ಲ. ಎರಡೂ ಅವರವೇ ಆಗಿದ್ದವು.

ಅಂದಿನಿಂದ ಯಾರಾದರೂ ಏನಾದರೂ ಹೇಳಿದರೆ ತಿದ್ದುವ ಬದಲು ಮಾತು ಮುಂದುವರಿಸಿದೆ. “ಹೌದಾ, ಓಡಿಹೋಯಿತಾ? ಆಮೇಲೆ?” ಪುಸ್ತಕದ ರೂಪ ಅವರ ಕಿವಿಗೆ ಬೀಳುತ್ತಿತ್ತು, ಕಥೆಯೂ ನಿಲ್ಲುತ್ತಿರಲಿಲ್ಲ.

ಆದರೂ ನಾಯಿಮರಿಯ ಹುಡುಗಿ ಸುಮ್ಮನೆ ಇದ್ದಳು. ಕಾರಣ ಗೊತ್ತಾದದ್ದು ಸಹಪಾಠಿಯೊಬ್ಬಳು ಗಡಿಯಾರ ಹಿಡಿದು ನನ್ನ ತರಗತಿಯ ಹಿಂದೆ ಕೂತ ದಿನ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಒಂದು ವಿಷಯ ಗಮನಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ 1 ಸೆಕೆಂಡಿನಷ್ಟು ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದ ಆಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಗೆಳತಿ ತೋರಿಸಿದ ಚೀಟಿಯಲ್ಲಿ ನನ್ನ ಸೆಕೆಂಡುಗಳು ಇದ್ದವು: 1, 1, ಅರ್ಧ, 1, 2, 1. ಪ್ರಶ್ನೆ ಕೇಳಿ, ಮೊದಲು ಎತ್ತಿದ ಕೈಗೆ ಅವಕಾಶ ಕೊಟ್ಟು, ಮುಂದಿನ ಪ್ರಶ್ನೆಗೆ ಹಾರುತ್ತಿದ್ದೆ. ಯೋಚಿಸಿ ಮಾತಾಡುವ ಮಗುವಿಗೆ ನನ್ನ ತರಗತಿಯಲ್ಲಿ ಜಾಗವೇ ಇರಲಿಲ್ಲ.

ಮನಸ್ಸಿನಲ್ಲೇ ಎಣಿಸುವುದು ರೂಢಿ ಮಾಡಿಕೊಂಡೆ. ಒಂದು, ಎರಡು, ಮೂರು. ಮೂರನೇ ಸೆಕೆಂಡು ತುಂಬಾ ಉದ್ದ. ತರಗತಿ ಕೈ ತಪ್ಪಿ ಹೋಗುತ್ತಿದೆ ಅನ್ನಿಸುತ್ತದೆ, ಬಾಯಿಗೆ ಬಂದ ಉತ್ತರವನ್ನು ತಡೆದುಕೊಳ್ಳುವುದು ಕಷ್ಟ. ನಾಲ್ಕನೇ ದಿನ ಅಂಥ ಒಂದು ಮೌನದ ಕೊನೆಯಲ್ಲಿ ಅವಳ ಕೈ ಅರ್ಧ ಮೇಲೆದ್ದಿತು. ಮೊಣಕೈ ಇನ್ನೂ ಮೇಜಿನ ಮೇಲೇ ಇತ್ತು, ಬೆರಳು ಮಾತ್ರ ನೆಟ್ಟಗೆ. ನಾನು ಅವಳ ಹೆಸರು ಕರೆದೆ. ಉತ್ತರ ಹೇಳಿದಳು. ನಾಯಿಮರಿ ಸಿಕ್ಕಿತೆಂದು ಆಮೇಲೆ ಬಿಡುವಿನ ಹೊತ್ತಿನಲ್ಲಿ ಬಂದು ತಿಳಿಸಿದಳು.

ಓದಿನ ಪಾಠ ಇನ್ನೊಂದು ರೀತಿ ಕಣ್ಣು ತೆರೆಸಿತು. ತರಗತಿಯ ‘ಒಳ್ಳೆ ಓದುಗಾರ್ತಿ’ ಎಂದು ಎಲ್ಲರೂ ಹೇಳುತ್ತಿದ್ದ ಹುಡುಗಿ ಕಡಲ ತೀರದ ದೀಪಸ್ತಂಭದ ಬಗ್ಗೆ ಒಂದು ಪುಟ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. “ದೀಪಸ್ತಂಭ ಯಾಕೆ ಬೇಕು?” ಎಂದು ಕೇಳಿದೆ. ಅವಳು ಪುಟದಲ್ಲಿ ಆ ಪದ ಹುಡುಕಿ, ಅದಿದ್ದ ವಾಕ್ಯವನ್ನು ಹಾಗೇ ಓದಿದಳು. “ನಿನ್ನ ಮಾತಲ್ಲಿ ಹೇಳು” ಎಂದೆ. ಪಕ್ಕದ ವಾಕ್ಯ ಓದಿದಳು. ಅವಳ ಧ್ವನಿಯಲ್ಲಿ ಹಿಂಜರಿಕೆ ಇರಲಿಲ್ಲ. ಓದುವುದು ಅಂದರೆ ಇಷ್ಟೇ ಎಂದು ಅವಳು ನಂಬಿದ್ದಳು. ಅದನ್ನು ನಂಬಿಸಿದವರು ನಾವು.

1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಸರಳ ಲೆಕ್ಕವಾಗಿ ಹೇಳಿದರು. ಅಕ್ಷರ ಬಿಡಿಸುವ ಶಕ್ತಿ, ಭಾಷೆ ಅರ್ಥಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧವೇ ಅರ್ಥವಾಗುವ ಓದು. ಕೂಡಿಸುವುದಲ್ಲ, ಗುಣಿಸುವುದು. ಅದೇ ಇಲ್ಲಿ ಮುಖ್ಯ. ಒಂದು ಸೊನ್ನೆ ಆದರೆ ಇನ್ನೊಂದು ಎಷ್ಟೇ ದೊಡ್ಡದಿದ್ದರೂ ಫಲ ಸೊನ್ನೆ. ‘ಪುತ್ಸಕ’ದ ಹುಡುಗನಿಗೆ ಕಥೆ ಹೇಳಿದರೆ ಎಲ್ಲವೂ ಅರ್ಥ ಆಗುತ್ತಿತ್ತು, ಅಕ್ಷರ ತಡೆಯುತ್ತಿತ್ತು. ಈ ಹುಡುಗಿಗೆ ಅಕ್ಷರ ನೀರು ಕುಡಿದಷ್ಟು ಸುಲಭ, ಅರ್ಥ ತಡೆಯುತ್ತಿತ್ತು. ಇಬ್ಬರಿಗೂ ನಾನು ಒಂದೇ ಅಭ್ಯಾಸ ಕೊಡುತ್ತಿದ್ದೆ: ‘ಪಾಠ ಎರಡು ಸಲ ಓದಿಕೊಂಡು ಬಾ.’

ಅರ್ಥ ತಡೆಯುವುದಕ್ಕೆ ಬುದ್ಧಿ ಕಡಿಮೆ ಎಂಬುದು ಕಾರಣವೇ ಅಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 64 ವಿದ್ಯಾರ್ಥಿಗಳಿಗೆ ಒಂದು ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದು ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನನ್ನ ಹುಡುಗಿಗೆ ‘ದೀಪ’ ಗೊತ್ತಿತ್ತು. ‘ಸ್ತಂಭ’ ಗೊತ್ತಿರಲಿಲ್ಲ. ಹಡಗಿಗೆ ರಾತ್ರಿ ಬಂಡೆ ಕಾಣುವುದಿಲ್ಲ ಎಂಬ ಸಂಗತಿಯೇ ಅವಳ ಮನಸ್ಸಿನಲ್ಲಿ ಇರಲಿಲ್ಲ.

ಮಾರನೇ ದಿನ ಪುಸ್ತಕ ತೆರೆಸಲಿಲ್ಲ. ಕಿಟಕಿ ಮುಚ್ಚಿಸಿ, ಬಾಗಿಲು ಹಾಕಿ, ಇಬ್ಬರನ್ನು ‘ಹಡಗು’ ಮಾಡಿದೆ. ನೆಲದ ಮೇಲಿಟ್ಟ ಚೀಲಗಳು ಬಂಡೆಗಳು. ಒಬ್ಬ ಮೂಲೆಯಲ್ಲಿ ಕುರ್ಚಿಯ ಮೇಲೆ ಟಾರ್ಚ್ ಹಿಡಿದು ನಿಂತ. ಹತ್ತು ನಿಮಿಷ ಗಲಾಟೆಯೋ ಗಲಾಟೆ. ನಂತರ ಕಿಟಕಿ ತೆಗೆದು ಅದೇ ಪುಟ ಓದಿಸಿದೆ. ಅವಳು ಮೂರನೇ ವಾಕ್ಯದಲ್ಲಿ ನಿಂತಳು. ಪುಸ್ತಕದಿಂದ ತಲೆ ಎತ್ತಿ, “ಹಂಗಾದ್ರೆ ಹಗಲಲ್ಲಿ ಅದಕ್ಕೆ ಏನು ಕೆಲಸ ಮಿಸ್?” ಎಂದಳು.

ಅವಳ ಓದು ತಡೆದದ್ದು ಅದೇ ಮೊದಲು. ಅವಳು ಓದಿದ್ದೂ ಅದೇ ಮೊದಲು ಎಂದು ನನಗೆ ಅನ್ನಿಸಿತು.

ಅಕ್ಷರ ಮೊದಲೋ ಅರ್ಥ ಮೊದಲೋ ಎಂಬ ಜಗಳ ತರಬೇತಿಯಲ್ಲಿ ಬಹಳ ಕೇಳಿದ್ದೇನೆ. ಒಂದು ಕಡೆ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಅಕ್ಷರವನ್ನು ಬಿಡಿಸಿ, ಕ್ರಮವಾಗಿ, ಗಟ್ಟಿಯಾಗಿ ಕಲಿಸಬೇಕು. ಅದನ್ನು ಮಗು ತಾನೇ ಹಿಡಿದುಕೊಳ್ಳಲಿ ಎಂದು ಬಿಟ್ಟರೆ ಮನೆಯಲ್ಲಿ ಪುಸ್ತಕ ಇಲ್ಲದ ಮಗು ಹಿಂದೆ ಉಳಿಯುತ್ತದೆ. ಜೊತೆಗೆ ದಿನಕ್ಕೊಂದು ಕಥೆಯನ್ನಾದರೂ ನಾವು ಓದಿ ಹೇಳಬೇಕು, ಆ ಅಕ್ಷರ ಯಾವ ಲೋಕಕ್ಕೆ ಕರೆದೊಯ್ಯುತ್ತದೆ ಎಂದು ಮಗುವಿಗೆ ಗೊತ್ತಾಗಬೇಕು. ಸಮಯ ಸಾಲುವುದಿಲ್ಲ ಅನ್ನುತ್ತಾರೆ. ಐದು ಸಲ ಬರೆಸುವುದನ್ನು ನಿಲ್ಲಿಸಿದರೆ ಸಮಯ ಸಿಗುತ್ತದೆ. ನಾನು ನಿಲ್ಲಿಸಿದೆ, ನನಗೆ ಸಿಕ್ಕಿತು.

ಪ್ರಬಂಧದ ಕಥೆ ಚಿಕ್ಕದು. ‘ನನ್ನ ಗೆಳೆಯ’ ಎಂದು ಬರೆಯಲು ಹೇಳಿ, ಹಲಗೆಯ ಮೇಲೆ ಮಾದರಿ ಬರೆದಿದ್ದೆ. ಎಲ್ಲರ ಗೆಳೆಯರೂ ಒಂದೇ ಥರ ಇದ್ದರು, ಎಲ್ಲರೂ ಸತ್ಯ ಹೇಳುತ್ತಿದ್ದರು, ದೊಡ್ಡವರಿಗೆ ಗೌರವ ಕೊಡುತ್ತಿದ್ದರು. ಮುಂದಿನ ಸಲ ಮಾದರಿ ಕೊಡದೆ, ಅವರ ಮುಂದೆಯೇ ನಾನು ಬರೆದೆ. ಕಳೆದುಹೋದ ಒಂದು ವಸ್ತುವಿನ ಬಗ್ಗೆ. ಯೋಚಿಸುವುದನ್ನೂ ಗಟ್ಟಿಯಾಗಿ ಹೇಳುತ್ತಾ, ಒಂದು ಸಾಲು ಹೊಡೆದು ಹಾಕಿ, ಮತ್ತೆ ಬರೆದು. “ಮಿಸ್ ಕೂಡ ಹೊಡೆದು ಹಾಕ್ತಾರೆ” ಎಂದು ಮುಂದಿನ ಸಾಲಿನವನು ಪಕ್ಕದವನಿಗೆ ಪಿಸುಗುಟ್ಟಿದ.

‘ಪುತ್ಸಕ’ದ ಹುಡುಗ ಮೂರು ವಾಕ್ಯ ಬರೆದು ತಂದ. “ನನ್ನ ರಬರ್ ಕಳೆಯಿತು. ನಾನು ಹುಡುಕಿದೆ. ಸಿಗಲಿಲ್ಲ.” ನಾನು ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆದೆ: ‘ಎಲ್ಲೆಲ್ಲಿ ಹುಡುಕಿದೆ?’ ಮಾರನೇ ದಿನ 11 ವಾಕ್ಯ ಬಂದವು. ಚೀಲದ ಹರಿದ ಒಳಜೇಬು, ಮಂಚದ ಕೆಳಗೆ, ಕೊನೆಗೆ ಹೀಗೆ: “ತಂಗಿ ಮುಷ್ಟಿ ನೋಡಿದೆ. ಅವಳು ಬಿಡಿಸಲಿಲ್ಲ.” ಅದರಲ್ಲಿ ತಪ್ಪು ಬೇಕಾದಷ್ಟು ಇದ್ದವು. ‘ಮುಷ್ಟಿ’ ಮಾತ್ರ ಸರಿಯಾಗಿತ್ತು, ಷ ಮೇಲೆ, ಟ ಕೆಳಗೆ. ನಾನು ಆ ಪದದ ಕೆಳಗೆ ಒಂದು ಗೆರೆ ಎಳೆದು ‘ಸರಿಯಾದ ಸೀಟು’ ಎಂದು ಬರೆದೆ. ಉಳಿದದ್ದನ್ನು ಅವತ್ತಿಗೆ ಬಿಟ್ಟೆ.

ಮಗುವಿಗೆ ದೊಡ್ಡವರು ಕೊಡುವ ಇಂಥ ನೆರವನ್ನು ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ಸಂಶೋಧಕರು 1976ರಲ್ಲಿ ಕಟ್ಟಡದ ಸಾರುವೆಗೆ ಹೋಲಿಸಿದರು. 3ರಿಂದ 5 ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವುದನ್ನು ನೋಡಿ ಬರೆದದ್ದು ಅದು. ಸಾರುವೆ ಕಟ್ಟುವುದು ನನಗೆ ಬೇಗ ಬಂತು. ಯಾವಾಗ ಬಿಚ್ಚಬೇಕು ಎಂಬುದು 16 ವಾರ ಮುಗಿದರೂ ಪೂರ್ತಿ ಬರಲಿಲ್ಲ. ಕೆಲವು ಮಕ್ಕಳಿಗೆ ರಟ್ಟಿನ ಚೂರು ಕೊಟ್ಟದ್ದು ಜಾಸ್ತಿ ದಿನ ಆಯಿತು. ಒಂದಿಬ್ಬರಿಂದ ಬೇಗ ಕಿತ್ತುಕೊಂಡೆ.

ಅರ್ಕಾವೊತ್ತಿನ ಪಾಠಕ್ಕೆ ಸಮಯವೇ ಸಿಗಲಿಲ್ಲ. ಕೊನೆಯ ವಾರದ ಉಕ್ತಲೇಖನದಲ್ಲಿ ಬೇಕೆಂದೇ ‘ಸೂರ್ಯ’ ಸೇರಿಸಿದೆ. ಆ ಹುಡುಗ ‘ಪುಸ್ತಕ’ ಸರಿಯಾಗಿ ಬರೆದಿದ್ದ. ‘ವಸ್ತು’, ‘ಶಕ್ತಿ’ ಸರಿ ಇದ್ದವು. ‘ಸೂರ್ಯ’ಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ತುಟಿ ಅಲ್ಲಾಡಿತು. ಆಮೇಲೆ ‘ಸೂರ‍್ಯ’ ಎಂದು ಬರೆದ. ರ ದೊಡ್ಡದಾಗಿ ಮೇಲೆ, ಯ ಒತ್ತು ಕೆಳಗೆ. ಪಠ್ಯಪುಸ್ತಕದಲ್ಲಿ ಅವನು ಹಾಗೆ ನೋಡಿರಲಿಲ್ಲ. ಹೀಗೆ ಅಚ್ಚು ಮಾಡುವ ಕನ್ನಡ ಪುಸ್ತಕಗಳೂ ಇವೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಯಾಕೆ ಹೀಗೆ ಬರೆದೆ?” ಎಂದು ಕೇಳಿದೆ.

“ರ ಮೊದಲು ಬಂತಲ್ಲ ಮಿಸ್.”

ಹೊರಡುವ ದಿನ ಅವನ ತರಗತಿ ಶಿಕ್ಷಕಿಗೆ ನನ್ನ ನೋಟ್‌ಬುಕ್ ಕೊಟ್ಟೆ. ಅವನ ಪುಟದ ಬಲಗಡೆ ಕಾಲಂನಲ್ಲಿ ಬರೆದಿದ್ದೆ: ‘ಒತ್ತಕ್ಷರ ಬರುತ್ತಿದೆ. ಅರ್ಕಾವೊತ್ತು ನಾನು ಇನ್ನೂ ಹೇಳಿಕೊಟ್ಟಿಲ್ಲ. ರ ವಿಷಯದಲ್ಲಿ ಅವನು ಬರೆದದ್ದಕ್ಕೆ ತಪ್ಪು ಹಾಕುವ ಮೊದಲು ದಯವಿಟ್ಟು ಒಮ್ಮೆ ಅವನನ್ನು ಕೇಳಿ. ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾನೆ.’